ಬಾಗುವ ಕನ್ನಡಿಯೋ, ಬಾಗದ ಡಿಶ್ಶೋ: ದೊಡ್ಡ ಅಡುಗೆಮನೆಗೆ ಬಿಸಿಲೊಲೆ ಆರಿಸುವವರಿಗೆ

ಹಾಸ್ಟೆಲ್, ದಾಸೋಹ ಅಥವಾ ಸಣ್ಣ ಕ್ಯಾಂಟೀನಿಗೆ ಬಿಸಿಲೊಲೆ ಹಾಕಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಬೆಲೆ. ಅದಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ಬಿಸಿಲು ಕೂಡುವ ಜಾಗ, ಅಂದರೆ ನಾಭಿ, ದಿನವಿಡೀ ಒಂದೇ ಕಡೆ ನಿಲ್ಲಬೇಕೋ, ಕನ್ನಡಿಯ ಜೊತೆ ತಿರುಗಿದರೂ ನಡೆಯುತ್ತದೋ? ಪಾತ್ರೆಯನ್ನು ಕನ್ನಡಿಯ ಹೊಟ್ಟೆಯೊಳಗೇ ಇಡುವುದಾದರೆ ಗಟ್ಟಿ ಪರವಲಯದ, ಅಂದರೆ ಆಕಾರ ಬದಲಿಸದ ಬಟ್ಟಲಿನಂಥ, ಡಿಶ್ ಸಾಕು. ಅಡುಗೆಯವರು ನೆರಳಲ್ಲಿ, ಸೂರಿನ ಕೆಳಗೆ, ಎಂದಿನ ಕಟ್ಟೆಯ ಮೇಲೇ ಬೇಯಿಸಬೇಕೆಂದರೆ ನಾಭಿ ಅಲ್ಲಾಡಬಾರದು. ಆಗ ಕನ್ನಡಿಯೇ ಋತುವಿಗೆ ತಕ್ಕಂತೆ ತನ್ನ ಆಕಾರ ಬದಲಿಸಿಕೊಳ್ಳಬೇಕಾಗುತ್ತದೆ. ಈ ಸೌಕರ್ಯಕ್ಕೆ ತೆರುವ ಬೆಲೆ ರೂಪಾಯಿಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಕೈ ಮತ್ತು ಕಣ್ಣು. ಆ ಮನುಷ್ಯ ನಿಮ್ಮಲ್ಲಿ ಇದ್ದಾನೆಯೇ ಎಂಬುದರ ಮೇಲೆ ಉಳಿದ ಲೆಕ್ಕವೆಲ್ಲ ನಿಂತಿದೆ.

ಬಾಗುವ ಕನ್ನಡಿಯ ಕೆಲಸ

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಬಾಗುವ ಕನ್ನಡಿ ಶೆಫ್ಲರ್ ಕನ್ನಡಿ. ಇದನ್ನು ರೂಪಿಸಿದವರು ವೋಲ್ಫ್‌ಗ್ಯಾಂಗ್ ಶೆಫ್ಲರ್. ಮೊದಲ ಕನ್ನಡಿ 1986ರಲ್ಲಿ ಉತ್ತರ ಕೀನ್ಯಾದಲ್ಲಿ ಕೆಲಸ ಆರಂಭಿಸಿತು. ಇಲ್ಲಿ ಅದು ದೊಡ್ಡದಾಗಿ ಬೆಳೆದದ್ದು ರಾಜಸ್ಥಾನದ ಆಬು ರೋಡಿನ ಬ್ರಹ್ಮಾಕುಮಾರೀಸ್ ಕೇಂದ್ರದಲ್ಲಿ. ಆಮೇಲೆ 2002ರಲ್ಲಿ ತಿರುಮಲದ ಅನ್ನದಾನದ ಅಡುಗೆಮನೆಗೆ 106 ಡಿಶ್‌ಗಳು ಬಂದವು, 2009ರಲ್ಲಿ ಶಿರಡಿಗೆ 16 ಚದರ ಮೀಟರಿನ 73 ಬಂದವು. ಆಬು ರೋಡಿನಲ್ಲೇ ಇರುವ ಇಂಡಿಯಾ ಒನ್ ಸ್ಥಾವರದಲ್ಲಿ 60 ಚದರ ಮೀಟರಿನ 770 ಕನ್ನಡಿಗಳು ಉಗಿ ಹುಟ್ಟಿಸಿ 1 ಮೆಗಾವ್ಯಾಟ್ ವಿದ್ಯುತ್ ಮಾಡುತ್ತವೆ. ರಾತ್ರಿಗೆ ಬೇಕಾದ ಶಾಖವನ್ನು ಎರಕದ ಕಬ್ಬಿಣದಲ್ಲಿ ಕೂಡಿಡುತ್ತವೆ.

ಈ ಕನ್ನಡಿ ಪೂರ್ತಿ ಬಟ್ಟಲಲ್ಲ, ದೊಡ್ಡದೊಂದು ಪರವಲಯದ ಪಕ್ಕದಿಂದ ಕತ್ತರಿಸಿದ ತುಂಡು. ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ದಂಡದ ಮೇಲೆ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ. ನಾಭಿ ಅದೇ ದಂಡದ ನೇರದಲ್ಲಿರುವುದರಿಂದ ಬೆಳಗಿನಿಂದ ಸಂಜೆವರೆಗೆ ಕದಲುವುದಿಲ್ಲ. ಇಷ್ಟಾದರೆ ದಿನದ ಲೆಕ್ಕ ಮುಗಿಯಿತು, ವರ್ಷದ ಲೆಕ್ಕ ಉಳಿಯಿತು. ಸೂರ್ಯ ಡಿಸೆಂಬರಿನಿಂದ ಜೂನ್‌ವರೆಗೆ ದಕ್ಷಿಣದಿಂದ ಉತ್ತರಕ್ಕೆ 47 ಡಿಗ್ರಿ ಸರಿಯುತ್ತಾನೆ. ಕನ್ನಡಿ ಅದರ ಅರ್ಧದಷ್ಟು ವಾಲಬೇಕು. ಬರೀ ವಾಲಿಸಿದರೆ ಬೆಳಕು ಒಂದೆಡೆ ಕೂಡದೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಹಾಗಾಗಿ ಬಾಗೂ ಬದಲಾಗಬೇಕು.

ಎಷ್ಟು? ಕನ್ನಡಿಯ ಉದ್ದ 4 ಮೀಟರ್, ನಾಭಿ 3 ಮೀಟರ್ ದೂರ ಎಂದಿಟ್ಟುಕೊಳ್ಳಿ. ಇದು ಸುಮಾರು 10 ಚದರ ಮೀಟರಿನ ಕನ್ನಡಿ. ಅಡುಗೆಮನೆಯ ಉತ್ತರಕ್ಕೆ ನಿಲ್ಲಿಸಿದರೆ, ಡಿಸೆಂಬರಿನಲ್ಲಿ ಉದ್ದಕ್ಕೆ ಬೇಕಾದ ಬಾಗಿನ ತ್ರಿಜ್ಯ ಸುಮಾರು 7 ಮೀಟರ್, ಮಾರ್ಚಿನಲ್ಲಿ 8.2, ಜೂನಿನಲ್ಲಿ 10.5. ಮೇಲಿನ ತುದಿಯಿಂದ ಕೆಳಗಿನ ತುದಿಗೆ ದಾರ ಬಿಗಿದು ನಡುವಿನ ಆಳ ಅಳೆದರೆ ಡಿಸೆಂಬರಿನಲ್ಲಿ 28 ಸೆಂಟಿಮೀಟರ್, ಜೂನಿನಲ್ಲಿ 19 ಸಿಗಬೇಕು. ಅಂದರೆ ಆರು ತಿಂಗಳಲ್ಲಿ 9 ಸೆಂಟಿಮೀಟರ್ ವ್ಯತ್ಯಾಸ. ತೆಳು ಉಕ್ಕಿನ ಚೌಕಟ್ಟನ್ನು ಇಷ್ಟು ಬಾಗಿಸಲು ಮೋಟಾರೇನೂ ಬೇಡ. ಮೇಲೊಂದು ಕೆಳಗೊಂದು ಒಳಸರಿಯುವ ಪೈಪು, ತಲಾ ಒಂದು ಬಿಗಿಬೋಲ್ಟು, ಅಷ್ಟೇ.

ಯಾವ ತಿಂಗಳಲ್ಲಿ ಎಷ್ಟು ಶಾಖ

ಗಟ್ಟಿ ಡಿಶ್ ಸದಾ ಸೂರ್ಯನನ್ನೇ ನೋಡುತ್ತದೆ. ಬಾಗುವ ಕನ್ನಡಿ ಸೂರ್ಯನಿಗೂ ನಾಭಿಗೂ ನಡುವೆ ಓರೆಯಾಗಿ ನಿಲ್ಲುತ್ತದೆ, ಆದ್ದರಿಂದ ಕೊಂಡ ಕನ್ನಡಿಯ ವಿಸ್ತೀರ್ಣವೆಲ್ಲ ಬಿಸಿಲು ಹಿಡಿಯುವುದಿಲ್ಲ. ಹೀಗೆ ಅಡುಗೆಮನೆಯ ಉತ್ತರಕ್ಕೆ ನಿಲ್ಲಿಸಿದ್ದು ‘ನಿಂತ’ ಕನ್ನಡಿ. 10 ಚದರ ಮೀಟರಿನ ನಿಂತ ಕನ್ನಡಿ ಡಿಸೆಂಬರಿನಲ್ಲಿ 8.5, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ 7.3, ಜೂನಿನಲ್ಲಿ 5.7 ಚದರ ಮೀಟರ್‌ನಷ್ಟು ಬಿಸಿಲು ಹಿಡಿಯುತ್ತದೆ. ನೇರ ಬಿಸಿಲು ಚದರ ಮೀಟರಿಗೆ 700 ವ್ಯಾಟ್ ಇದ್ದು, ಅದರಲ್ಲಿ ಅರ್ಧ ಪಾತ್ರೆಗೆ ಇಳಿಯಿತೆಂದರೆ ಸಿಗುವುದು ಕ್ರಮವಾಗಿ 3, 2.5 ಮತ್ತು 2 ಕಿಲೋವ್ಯಾಟ್. ಮಾರ್ಚಿನ ಲೆಕ್ಕದಲ್ಲಿ ಗಂಟೆಗೆ 29 ಲೀಟರ್ ತಣ್ಣೀರು ಕುದಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂದು ಮಾರುವವರು ಹೇಳಬಹುದು. ಹೊಸ ಕನ್ನಡಿ, ತೊಳೆದ ದಿನ, ಮುಚ್ಚಿದ ಕಪ್ಪು ಪಾತ್ರೆ ಎಲ್ಲ ಕೂಡಿದರೆ ಅದೂ ನಿಜವೇ, ಆದರೆ ವರ್ಷದ ಲೆಕ್ಕಕ್ಕೆ ಅರ್ಧವನ್ನೇ ಹಿಡಿಯಿರಿ.

ಇದನ್ನು ಗ್ಯಾಸಿಗೆ ಹೊಂದಿಸೋಣ. ದೊಡ್ಡ ಬರ್ನರಿನಲ್ಲಿ 1 ಕಿಲೋ ಎಲ್‌ಪಿಜಿಯಿಂದ ಪಾತ್ರೆಗೆ ಇಳಿಯುವುದು ಸುಮಾರು 7 ಯೂನಿಟ್ ಶಾಖ. ಕನ್ನಡಿ 5 ಗಂಟೆ ಬಿಡುವಿಲ್ಲದೆ ದುಡಿದರೆ 12–13 ಯೂನಿಟ್, ಅಂದರೆ ದಿನಕ್ಕೆ 1.8 ಕಿಲೋ ಗ್ಯಾಸ್ ಉಳಿತಾಯ. 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ಒಂದು ಉಳಿಯಲು ಹತ್ತು-ಹನ್ನೊಂದು ಸ್ವಚ್ಛ ಬಿಸಿಲಿನ ದಿನ ಬೇಕು. ಇಲ್ಲಿ ‘ಬಿಡುವಿಲ್ಲದೆ’ ಎಂಬ ಮಾತು ಮುಖ್ಯ. ಬೆಳಿಗ್ಗೆ ಏಳಕ್ಕೆ ತಿಂಡಿ, ಸಂಜೆ ಏಳಕ್ಕೆ ಊಟ ಕೊಡುವ ಹಾಸ್ಟೆಲಿನಲ್ಲಿ ಬಿಸಿಲಿರುವಾಗ ಒಲೆ ಖಾಲಿ, ಒಲೆ ಬೇಕಾದಾಗ ಬಿಸಿಲಿಲ್ಲ. ಅಂಥ ಕಡೆ ಉಳಿತಾಯ ಲೆಕ್ಕದ ಅರ್ಧಕ್ಕೇ ನಿಲ್ಲುತ್ತದೆ. ಮಧ್ಯಾಹ್ನದ ಊಟವೇ ದೊಡ್ಡದಾದ ಶಾಲೆ, ದೇವಸ್ಥಾನ, ಮಠಗಳಿಗೆ ಇದು ಹೆಚ್ಚು ಹೊಂದುತ್ತದೆ.

ನಿಂತ ಕನ್ನಡಿಗೆ ಎದುರಾಗಿ ‘ಮಲಗಿದ’ ಕನ್ನಡಿಯೂ ಉಂಟು. ಅದನ್ನು ದಕ್ಷಿಣಕ್ಕಿಟ್ಟು ಬೆಳಕನ್ನು ಉತ್ತರಕ್ಕೆ, ಮೇಲಕ್ಕೆ ಎಸೆಯುತ್ತಾರೆ. ಅದರ ವರ್ಷ ತಲೆಕೆಳಗು: ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಉಗಿ ಮಾಡುವ ದೊಡ್ಡ ವ್ಯವಸ್ಥೆಗಳಲ್ಲಿ ಎರಡನ್ನೂ ಎದುರುಬದುರು ಇಟ್ಟು, ನಡುವೆ ಪೂರ್ವ-ಪಶ್ಚಿಮಕ್ಕೆ ಉಗಿಕೊಳವೆ ಹಾಯಿಸುವುದು ಇದೇ ಕಾರಣಕ್ಕೆ. ಕರ್ನಾಟಕದ ಬಯಲುಸೀಮೆಯಲ್ಲಿ ಇದನ್ನು ಗಂಭೀರವಾಗಿ ಯೋಚಿಸಬೇಕು. ಕಲಬುರಗಿ, ರಾಯಚೂರು ಕಡೆ ಸ್ವಚ್ಛ ನೇರ ಬಿಸಿಲು ಸಿಗುವುದು ಹೆಚ್ಚಾಗಿ ನವೆಂಬರಿನಿಂದ ಮೇವರೆಗೆ. ನಿಂತ ಕನ್ನಡಿ ಫೆಬ್ರವರಿ ಮೊದಲಲ್ಲಿ 8.2 ಚದರ ಮೀಟರ್ ಹಿಡಿದದ್ದು ಮೇ ಮೊದಲಿಗೆ 6.3ಕ್ಕೆ ಇಳಿದಿರುತ್ತದೆ. ಶಾಲೆಗಾದರೆ ಚಿಂತೆಯಿಲ್ಲ, ಮೇ ತಿಂಗಳು ರಜೆ. ಬೇಸಿಗೆಯಲ್ಲೇ ಜಾತ್ರೆ, ದಾಸೋಹ ಜೋರಾಗಿರುವ ಕಡೆ ಒಂದಾದರೂ ಮಲಗಿದ ಕನ್ನಡಿ ಇರಲಿ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು: ಕನ್ನಡಿಗಳು ನೇರ ಬಿಸಿಲನ್ನಷ್ಟೇ ಕೂಡಿಸಬಲ್ಲವು. ಬೆಳ್ಳಗಿನ ಮೋಡದ ದಿನ ಕಣ್ಣಿಗೆ ಎಷ್ಟೇ ಬೆಳಕಿದ್ದರೂ ನಾಭಿಯಲ್ಲಿ ಏನೂ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಕನ್ನಡಿಗೆ ರಜೆ ಎಂದೇ ಲೆಕ್ಕ ಹಾಕಿ. ಕಡಲ ಉಪ್ಪುಗಾಳಿಗೆ ಕನ್ನಡಿಯ ಅಂಚಿನಿಂದ ಬೆಳ್ಳಿಲೇಪ ಕಪ್ಪಾಗುತ್ತ ಬರುವುದು ಬೇರೆ.

ಉಳಿದ ಆಯ್ಕೆಗಳು ಎಲ್ಲಿ ಗೆಲ್ಲುತ್ತವೆ

1.4 ಮೀಟರ್ ಅಗಲದ ಗಟ್ಟಿ ಡಿಶ್, ಎಸ್‌ಕೆ-14 ಮಾದರಿ: ವಿಸ್ತೀರ್ಣ ಒಂದೂವರೆ ಚದರ ಮೀಟರ್, ನಾಭಿದೂರ 28 ಸೆಂಟಿಮೀಟರ್, ಪಾತ್ರೆಗೆ ಸಿಗುವುದು ಸುಮಾರು 600 ವ್ಯಾಟ್. ಗಂಟೆಗೆ ಏಳು ಲೀಟರ್ ನೀರು ಕುದಿಸುತ್ತದೆ, ಹತ್ತು-ಹದಿನೈದು ಜನರ ಅನ್ನ-ಸಾರಿಗೆ ಸಾಕು. ಕಾಲು ಗಂಟೆಗೊಮ್ಮೆ ಕೈಯಿಂದ ತಿರುಗಿಸಬೇಕು. ಅಗ್ಗ, ಸರಳ, ಕೆಡುವ ಭಾಗವೇ ಇಲ್ಲ. ತೊಂದರೆ ಬರುವುದು ಅಡುಗೆಯ ರೀತಿಯಿಂದ. ಪಾತ್ರೆ ಡಿಶ್ಶಿನ ನಡುವೆ ತೂಗುವ ಕಂಬಿಯ ಮೇಲಿರುತ್ತದೆ. ಅಲ್ಲಿ ರಾಗಿ ಮುದ್ದೆ ತೊಳಸಲು ಕೋಲು ಹಾಕಿದರೆ ಡಿಶ್ಶೇ ಅಲುಗಾಡುತ್ತದೆ. ಬಗ್ಗಿ ನೋಡಿದರೆ ಕಣ್ಣಿಗೆ ಬಿಸಿಲು ಕುಕ್ಕುತ್ತದೆ. ಮನೆಗೆ, ತೋಟದ ಮನೆಗೆ ಒಪ್ಪುವ ಇದನ್ನು ಹಾಸ್ಟೆಲಿಗೆ ಹತ್ತಿಪ್ಪತ್ತು ಕೊಂಡು ಸಾಲಾಗಿ ಇಡುವ ಯೋಚನೆ ಬೇಡ. ತಿರುಗಿಸುವವರು ಬೇಸತ್ತು ಬಿಡುತ್ತಾರೆ.

ಇನ್ನೊಂದು ತುದಿಯಲ್ಲಿ ದೊಡ್ಡ ಗಟ್ಟಿ ಡಿಶ್‌ಗಳಿವೆ. ಐಐಟಿ ಬಾಂಬೆಯ ಜೊತೆಗೂಡಿ ಬೆಳೆಸಿದ ಅರುಣ್ ಡಿಶ್ ಇದಕ್ಕೆ ಒಳ್ಳೆಯ ಉದಾಹರಣೆ. ಮಹಾರಾಷ್ಟ್ರದ ಲಾತೂರಿನ ಮಹಾನಂದ್ ಡೈರಿಯಲ್ಲಿ 160 ಚದರ ಮೀಟರಿನದು ಹಾಲು ಪಾಶ್ಚರೀಕರಣಕ್ಕೆ ದುಡಿಯಿತು. ಎರಡೂ ಅಕ್ಷದಲ್ಲಿ ತಾನೇ ತಿರುಗುವುದರಿಂದ ಓರೆಯ ನಷ್ಟವಿಲ್ಲ, ಋತುವಿಗೊಮ್ಮೆ ಬಾಗಿಸುವ ಕೆಲಸವಿಲ್ಲ. ಆದರೆ ಶಾಖ ಹಿಡಿಯುವ ಭಾಗ ಡಿಶ್ಶಿನ ಜೊತೆಗೇ ತಿರುಗುತ್ತದೆ, ಒತ್ತಡದ ಬಿಸಿನೀರು ಅಥವಾ ಉಗಿ ತಿರುಗುವ ಕೀಲುಗಳ ಮೂಲಕ ಇಳಿದು ಬರಬೇಕು, ಗಟ್ಟಿ ಅಡಿಪಾಯ ಬೇಕು, ಮೋಟಾರು-ನಿಯಂತ್ರಣ ಕೆಟ್ಟರೆ ಕಂಪನಿಯವರೇ ಬರಬೇಕು. ಬಾಯ್ಲರ್ ನೋಡಿಕೊಳ್ಳಲು ಆಪರೇಟರ್ ಇರುವ ಡೈರಿ, ಲಾಂಡ್ರಿ, ಕಾರ್ಖಾನೆಗಳಿಗೆ ಇದೇ ಸರಿ. ಅಡುಗೆಯವರಷ್ಟೇ ಇರುವ ಕಡೆ ಅಲ್ಲ.

ನಿರ್ವಾತದಿಂದ ಬಾಗಿಸುವ ಹಿಗ್ಗಿದ ಹಾಳೆಯ ಕನ್ನಡಿಯೂ ಆಕಾರ ಬದಲಿಸುವ ಜಾತಿಯದೇ. ಡೋಲಿನಂತೆ ಬಿಗಿದ ಹೊಳೆಯುವ ಹಾಳೆಯ ಹಿಂದಿನ ಗಾಳಿ ಎಳೆದರೆ ಅದು ಒಳಕ್ಕೆ ಬಾಗುತ್ತದೆ, ಗಾಳಿ ಬಿಟ್ಟರೆ ನಾಭಿ ಮಾಯ. ಅಪಾಯ ತಪ್ಪಿಸಲು ಜಾಣ ಉಪಾಯ. ಆದರೆ ಪ್ಲಾಸ್ಟಿಕ್ ಹಾಳೆ ನಮ್ಮ ಬಿಸಿಲು, ಧೂಳಿಗೆ ಬೇಗ ಮಂಕಾಗುತ್ತದೆ. ಅಡುಗೆಮನೆಗೆ ಬೇಡ.

ಸೌರ ಗೋಪುರಗಳಿಗೆಂದು (ಸುತ್ತಲಿನ ಕನ್ನಡಿಗಳೆಲ್ಲ ಬೆಳಕು ಎಸೆಯುವ ಎತ್ತರದ ಗೋಪುರಗಳು) ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ತಂಡ ಮಾಡುತ್ತಿರುವ ತಿರುಚುವ ಕನ್ನಡಿಗಳ ಬಗ್ಗೆ ಓದಿದವರು ‘ಅದೇ ಬರಲಿ’ ಎಂದು ಕಾಯುವುದುಂಟು. ಅದು ಬಿಡಿಸುವ ತೊಡಕೂ ಇದೇ. ಬಿಸಿಲು 60 ಡಿಗ್ರಿ ಓರೆಯಾಗಿ ಬಿದ್ದರೆ ಸಾಮಾನ್ಯ ಬಾಗುಗನ್ನಡಿಯ ನಾಭಿ ಒಂದು ದಿಕ್ಕಿನಲ್ಲಿ ಅರ್ಧ ದೂರಕ್ಕೂ ಇನ್ನೊಂದು ದಿಕ್ಕಿನಲ್ಲಿ ಎರಡರಷ್ಟು ದೂರಕ್ಕೂ ಹೋಗುತ್ತದೆ. ಅದನ್ನು ದಿನವಿಡೀ, ಪ್ರತಿ ಗಂಟೆಯೂ ಸರಿಪಡಿಸುತ್ತ ಹೋಗುವ ತಂತ್ರ ಅದು. ನೂರಾರು ಮೀಟರ್ ದೂರಕ್ಕೆ ಬೆಳಕು ಎಸೆಯುವವರಿಗೆ ಬೇಕು, 3 ಮೀಟರ್ ದೂರದ ಅನ್ನದ ಹಂಡೆಗೆ ಬೇಡ.

ಕನ್ನಡಿಯ ಪಕ್ಕದಲ್ಲೇ ಇಟ್ಟು ತೂಗಬೇಕಾದ ಸ್ಪರ್ಧಿ ಛಾವಣಿಯ ಸೌರಫಲಕ ಮತ್ತು ಇಂಡಕ್ಷನ್ ಒಲೆ. 10 ಚದರ ಮೀಟರ್ ಫಲಕ ಎಂದರೆ ಸುಮಾರು 2 ಕಿಲೋವ್ಯಾಟ್, ಸ್ವಚ್ಛ ದಿನದಲ್ಲಿ 8–9 ಯೂನಿಟ್. ಅಷ್ಟೇ ವಿಸ್ತೀರ್ಣದ ಕನ್ನಡಿ 12–13 ಯೂನಿಟ್ ಶಾಖ ಕೊಡುತ್ತದೆ. ಲೆಕ್ಕದಲ್ಲಿ ಕನ್ನಡಿ ಮುಂದಿದ್ದರೂ ಫಲಕಕ್ಕೆ ಚದುರಿದ ಬೆಳಕೂ ಸಾಕು, ಅಡುಗೆ ಇಲ್ಲದಾಗ ಫ್ಯಾನೋ ಪಂಪೋ ಓಡುತ್ತದೆ, ಬಾಗಿಸುವವರು ಬೇಡ. ನಂಬಿಕೆಯ ವಿದ್ಯುತ್ತು, ಗಟ್ಟಿ ಛಾವಣಿ ಎರಡೂ ಇರುವ ಐವತ್ತು ಜನರ ಅಡುಗೆಮನೆ ಇಂದು ಹೊಸದಾಗಿ ಆರಂಭವಾಗುವುದಾದರೆ ನಮ್ಮ ಸಲಹೆ ಫಲಕವೇ. ಕನ್ನಡಿ ಗೆಲ್ಲುವುದು ಹಂಡೆಗಳು ದೊಡ್ಡದಾಗಿ ಹಗಲಿಡೀ ಕುದಿಯುವ ಕಡೆ, ಉಗಿ ಬೇಕಾದ ಕಡೆ, ವಿದ್ಯುತ್ತು ಕೈಕೊಡುವ ಕಡೆ, ಮತ್ತು ಊರಲ್ಲೇ ಒಳ್ಳೆಯ ವೆಲ್ಡಿಂಗ್ ಶಾಪ್ ಇರುವ ಕಡೆ. ಬರೀ ಸ್ನಾನಕ್ಕೆ, ಪಾತ್ರೆಗೆ ಬಿಸಿನೀರು ಬೇಕಿದ್ದರೆ ಕನ್ನಡಿಯ ಮಾತೇ ಬೇಡ, ಮಾಮೂಲಿ ಸೋಲಾರ್ ಹೀಟರ್ ಹಾಕಿ. ಅದರ 60 ಡಿಗ್ರಿ ನೀರನ್ನೇ ಅಡುಗೆಗೂ ಬಳಸಿದರೆ ಕುದಿಸುವ ಶಾಖದಲ್ಲಿ ಅರ್ಧದಷ್ಟು ಅಲ್ಲೇ ಉಳಿಯುತ್ತದೆ.

ಜಾಗ ಮತ್ತು ದಂಡ

ದಂಡದ ಓರೆ ಊರಿನ ಅಕ್ಷಾಂಶದಷ್ಟೇ ಇರಬೇಕು: ಬೆಂಗಳೂರಿಗೆ 13 ಡಿಗ್ರಿ, ಕಲಬುರಗಿಗೆ 17.3. ಗುಜರಾತಿಗೆಂದು ಮಾಡಿದ ಸ್ಟ್ಯಾಂಡನ್ನು ಹಾಗೇ ತಂದು ನಿಲ್ಲಿಸಿದರೆ ಹತ್ತು ಡಿಗ್ರಿ ತಪ್ಪಿರುತ್ತದೆ. ನಾಭಿ 3 ಮೀಟರ್ ದೂರವಿದ್ದಾಗ ಕನ್ನಡಿಯ ನಡು ಒಲೆಯ ನಾಭಿಗಿಂತ ಬೆಂಗಳೂರಿನಲ್ಲಿ 67 ಸೆಂಟಿಮೀಟರ್, ಕಲಬುರಗಿಯಲ್ಲಿ 89 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಅಡುಗೆಕಟ್ಟೆ ಕಟ್ಟುವ ಮೊದಲೇ ಈ ಲೆಕ್ಕ ಮೇಸ್ತ್ರಿಯ ಕೈಗೆ ಹೋಗಬೇಕು.

ಉತ್ತರ ಗುರುತಿಸಲು ಮೊಬೈಲ್ ದಿಕ್ಸೂಚಿ ಬೇಡ, ಪಕ್ಕದ ಕಬ್ಬಿಣಕ್ಕೆ ಅದು ಎತ್ತಲೋ ತಿರುಗುತ್ತದೆ. ತೂಗುಗುಂಡಿನ ದಾರದ ನೆರಳನ್ನು ಸೌರ ಮಧ್ಯಾಹ್ನಕ್ಕೆ, ಅಂದರೆ ಸೂರ್ಯ ಆ ದಿನ ಅತಿ ಎತ್ತರಕ್ಕೆ ಬರುವ ಹೊತ್ತಿಗೆ, ಗುರುತು ಮಾಡಿ. ಬೆಂಗಳೂರಿನಲ್ಲಿ ಸೌರ ಮಧ್ಯಾಹ್ನ ನವೆಂಬರ್ ಮೊದಲಲ್ಲಿ 12:04ರ ಸುಮಾರಿಗೆ, ಫೆಬ್ರವರಿ ನಡುವಿಗೆ 12:34ರ ಸುಮಾರಿಗೆ ಬರುತ್ತದೆ. ಕ್ಯಾಲೆಂಡರಿನ ಸೂರ್ಯೋದಯ-ಸೂರ್ಯಾಸ್ತದ ನಡುವಿನ ಹೊತ್ತು ತೆಗೆದರೂ ಸರಿ. ನೆರಳು ಉದ್ದವಿರುವ ಚಳಿಗಾಲದಲ್ಲೇ ಇದನ್ನು ಮಾಡುವುದು ಒಳ್ಳೆಯದು.

ಅಡುಗೆಮನೆ ಕನ್ನಡಿಯ ದಕ್ಷಿಣಕ್ಕಿರುತ್ತದೆ, ಅದರ ನೆರಳೂ ಕನ್ನಡಿಯ ಕಡೆಗೇ ಬೀಳುತ್ತದೆ. ಡಿಸೆಂಬರ್ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ 53.5 ಡಿಗ್ರಿ ಎತ್ತರ. ಕನ್ನಡಿಯ ಕೆಳ ಅಂಚಿಗಿಂತ 3 ಮೀಟರ್ ಎತ್ತರದ ಸೂರು 2.2 ಮೀಟರ್ ಉದ್ದ ನೆರಳು ಚೆಲ್ಲುತ್ತದೆ. ಕನ್ನಡಿ ಅತಿ ಹೆಚ್ಚು ಕೊಡಬೇಕಾದ ತಿಂಗಳಲ್ಲೇ ಕೆಳಗಿನ ಸಾಲುಗಳು ಕತ್ತಲಾಗುತ್ತವೆ.

ಬಾಗಿಸುವುದು, ಬೆಳಕಿನ ಮಚ್ಚೆ ಓದುವುದು

ಮಾರ್ಚ್, ಸೆಪ್ಟೆಂಬರಿನಲ್ಲಿ ಸೂರ್ಯ ದಿನಕ್ಕೆ 0.4 ಡಿಗ್ರಿ ಸರಿಯುತ್ತಾನೆ. ಮೂರು ದಿನ ಬಿಟ್ಟರೆ ನಾಭಿಯಲ್ಲಿ ಬೀಳುವ ಬೆಳಕಿನ ಮಚ್ಚೆ 6 ಸೆಂಟಿಮೀಟರ್ ಜಾರಿರುತ್ತದೆ, ಹಾಗಾಗಿ ಎರಡು-ಮೂರು ದಿನಕ್ಕೊಮ್ಮೆ ಕೈ ಹಾಕಬೇಕು. ಜೂನ್, ಡಿಸೆಂಬರ್ ಕೊನೆಯಲ್ಲಿ ವಾರ ಬಿಟ್ಟರೂ ತೊಂದರೆಯಿಲ್ಲ.

ವೆಲ್ಡಿಂಗ್ ಕನ್ನಡಕ ಹಾಕಿ, ಪಾತ್ರೆ ಇರುವ ಜಾಗಕ್ಕೆ ತಗಡಿನ ತುಂಡೊಂದನ್ನು ಹಿಡಿದು ನೋಡಿ. ಮಚ್ಚೆ ಇಡಿಯಾಗಿ ಮೇಲೋ ಕೆಳಗೋ ಹೋಗಿದ್ದರೆ ವಾಲು ತಪ್ಪಿದೆ: ಮೇಲಿನ ಪೈಪನ್ನು ಎಷ್ಟು ಎಳೆದಿರೋ ಕೆಳಗಿನದನ್ನು ಅಷ್ಟೇ ಬಿಡಿ. ಮಚ್ಚೆ ಉದ್ದುದ್ದ ಆಗಿದ್ದರೆ ಬಾಗು ತಪ್ಪಿದೆ. ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲು ಕನ್ನಡಿಯ ಮೇಲರ್ಧಕ್ಕೆ ಕಂಬಳಿ ಹೊದಿಸಿ. ಮಚ್ಚೆಯ ಮೇಲ್ಭಾಗ ಮಾಯವಾದರೆ ಕನ್ನಡಿ ಚಪ್ಪಟೆಯಾಗಿದೆ, ಎರಡೂ ತುದಿಗಳನ್ನು ಮುಂದಕ್ಕೆ ಬಾಗಿಸಿ. ಕೆಳಭಾಗ ಮಾಯವಾದರೆ ಬಾಗು ಅತಿಯಾಗಿದೆ, ಸಡಿಲಿಸಿ. ಈ ಕಂಬಳಿ ಪರೀಕ್ಷೆ ಕಲಿತವರಿಗೆ ಮುಂದೆ ಎಲ್ಲ ಕೂಡಿ ಹತ್ತು ನಿಮಿಷದ ಕೆಲಸ. ಕಲಿಯದವರು ಎರಡೂ ಬೋಲ್ಟು ಬಿಚ್ಚಿ ಅಂದಾಜಿನ ಮೇಲೆ ತಿರುಗಿಸುತ್ತಾರೆ. ಆಮೇಲೆ ‘ಕನ್ನಡಿ ಹಳೆಯದಾಯಿತು’ ಎನ್ನುತ್ತಾರೆ.

ಅಗಲದ ಬಾಗು ಹೀಗೆ ಪೂರ್ತಿ ಹೊಂದುವುದಿಲ್ಲ. ಮಾರ್ಚ್-ಸೆಪ್ಟೆಂಬರಿಗೆ ಸರಿಹೊಂದುವಂತೆ ಕಟ್ಟಿದ ಚೌಕಟ್ಟು ಜೂನ್, ಡಿಸೆಂಬರಿನಲ್ಲಿ ತುಸು ಹರಡಿದ ಮಚ್ಚೆಯನ್ನೇ ಕೊಡುತ್ತದೆ. ಅದು ದೋಷವಲ್ಲ. ದಿನದ ಒಳಗಿನ ಜಾರಾಟ ಬೇರೆ ವಿಷಯ: ಬೆಳಿಗ್ಗೆಯಿಂದ ಸಂಜೆಗೆ ಮಚ್ಚೆ ಪೂರ್ವ-ಪಶ್ಚಿಮವಾಗಿ ಸರಿದರೆ ಕನ್ನಡಿಯನ್ನು ದಂಡದ ಮೇಲೆ ತಿರುಗಿಸುವ ಗಡಿಯಾರ-ಯಂತ್ರದ ವೇಗ ತಪ್ಪಿದೆ, ಮೇಲೆ-ಕೆಳಗೆ ಸರಿದರೆ ದಂಡ ಉತ್ತರಕ್ಕಿಲ್ಲ ಅಥವಾ ಓರೆ ತಪ್ಪಿದೆ. ಎರಡನೆಯದನ್ನು ಪೈಪುಗಳಿಂದ ಸರಿಮಾಡಲು ಹೋದರೆ ವರ್ಷವಿಡೀ ತಿಣುಕಾಟ.

ಕೆಡುವುದು ಎಲ್ಲಿ

ಕನ್ನಡಿ ತಿರುಗಿಸುವ ಈ ಯಂತ್ರ ನಿಂತರೆ ಮಚ್ಚೆ ನಿಮಿಷಕ್ಕೆ 1.3 ಸೆಂಟಿಮೀಟರಿನಂತೆ ಪಕ್ಕಕ್ಕೆ ನಡೆಯುತ್ತದೆ. ಕಾಲು ಗಂಟೆಯಲ್ಲಿ ಪಾತ್ರೆ ಬಿಟ್ಟು ಕಿಟಕಿಯ ಮರಕ್ಕೋ ಗ್ಯಾಸ್ ಪೈಪಿಗೋ ತಲುಪಬಹುದು. ಬೆಳಕು ಬರುವ ಕಿಂಡಿಯ ಸುತ್ತ ಒಂದು ಮೀಟರ್ ಮರ, ಪ್ಲಾಸ್ಟಿಕ್, ವೈರಿಂಗ್ ಇರಬಾರದು. ಮಳೆಗಾಲಕ್ಕೆ ಕನ್ನಡಿ ನಿಲ್ಲಿಸುವಾಗ ಎರಡೂ ತುದಿ ಬಿಗಿದು, ನಾಭಿ ಎಲ್ಲೂ ಕೂಡದಂತೆ ಬಾಗು ಕೆಡಿಸಿ, ಬಟ್ಟೆ ಹೊದಿಸಿ ಕಟ್ಟಿ. ಏಪ್ರಿಲ್-ಮೇ ಸಂಜೆಯ ಬಿರುಗಾಳಿಗೂ ಹೀಗೇ ಕಟ್ಟುವ ಹಗ್ಗ ಸದಾ ಸಿದ್ಧವಿರಲಿ.

ಗಾಜಿನ ತುಂಡುಗಳನ್ನು ಅಂಟಿಸಲು, ಅಂಚು ಮುಚ್ಚಲು ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿ. ಅದರ ಆಮ್ಲ ಹಿಂದಿನ ಬೆಳ್ಳಿಲೇಪವನ್ನು ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದದ್ದನ್ನೇ ಕೇಳಿ ತನ್ನಿ. ತುಂಡು 10 ಸೆಂಟಿಮೀಟರ್ ಅಗಲವಿದ್ದರೆ ಮಚ್ಚೆ ಅದಕ್ಕಿಂತ ಚಿಕ್ಕದಾಗಲಾರದು, ಆದ್ದರಿಂದ ಅಗಲ ತುಂಡು ಹಾಕಿ ಕೆಲಸ ಮುಗಿಸುವ ಫ್ಯಾಬ್ರಿಕೇಟರನ್ನು ತಡೆಯಿರಿ. ತೊಳೆಯುವುದು ಬೆಳಿಗ್ಗೆ, ಗಾಜು ತಣ್ಣಗಿರುವಾಗ. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ. ಉಗಿ ವ್ಯವಸ್ಥೆಯಾದರೆ ಅದೇ ಗಡಸು ನೀರು ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ಮೆದುಗೊಳಿಸುವ ಘಟಕವನ್ನು ಅಂದಾಜುಪಟ್ಟಿಯಲ್ಲೇ ಸೇರಿಸಬೇಕು. ಉಗಿಯಲ್ಲಿ ಅನ್ನ, ಸಾಂಬಾರು, ಇಡ್ಲಿ ಆಗುತ್ತದೆ. ಜೋಳದ ರೊಟ್ಟಿಗೆ, ಒಗ್ಗರಣೆಗೆ ಗ್ಯಾಸು ಉಳಿಯಲೇಬೇಕು.

ಹಣ ಕೊಡುವ ಮುನ್ನ ಮಾರುವವರಿಂದ ಎರಡು ಪರೀಕ್ಷೆ ಕೇಳಿ. ಮೊದಲನೆಯದು, ಸ್ವಚ್ಛ ಬಿಸಿಲಿನಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಕೈ ಮುಟ್ಟದೆ ಮಚ್ಚೆ ಪಾತ್ರೆಯ ಮೇಲೇ ನಿಂತಿರಬೇಕು. ಮಾರ್ಚಿನ ಸುಮಾರಿಗಾದರೆ 10 ಚದರ ಮೀಟರಿಗೆ 25 ಲೀಟರ್ ತಣ್ಣೀರು ಒಂದು ಗಂಟೆಯೊಳಗೆ ಕುದಿಯಬೇಕು. ಎರಡನೆಯದು, ಬೇಕೆಂದೇ ಬಾಗು ಕೆಡಿಸಿ, ದಿನವೂ ಅಲ್ಲಿರುವ ನಿಮ್ಮವರೇ ಒಬ್ಬರು ಅದನ್ನು ಮತ್ತೆ ಸರಿಮಾಡಿ ತೋರಿಸಬೇಕು. ಕೊನೆಯ ಕಂತನ್ನು ಈ ಎರಡನೆಯ ಪರೀಕ್ಷೆ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಿ.